ತೆರೆ ಏರುವ ಹಲಗೆ

ನಮ್ಮಪ್ಪ ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಬ್ಯಾಂಕು ಬಿಟ್ಟರೆ ನೇರ ಮನೆಗೆ ಬರುತ್ತಿದ್ದ. ಬರುವಾಗ ದ್ರಾಕ್ಷಿಯನ್ನೋ ಪೇರಲಹಣ್ಣನ್ನೋ ಹಿಡಿದು ತರುತ್ತಿದ್ದ. ಅಂಥವನ ಮೇಲೆ ಸಿಟ್ಟು ಇಟ್ಟುಕೊಂಡವಳ ಮಾತನ್ನು ಬಳಗದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೂ ನಾನು ಇಟ್ಟುಕೊಂಡಿದ್ದೇನೆ, ಅವನು ಹೋಗಿ ಇಷ್ಟು ವರ್ಷವಾದರೂ.

ಅಪ್ಪ ಅವ್ವ ಇಬ್ಬರೂ ಧಾರವಾಡದ ಕಡೆಯವರು. ಬ್ಯಾಂಕು ಅಪ್ಪನನ್ನು ನಾಸಿಕಕ್ಕೆ ವರ್ಗ ಮಾಡಿದಾಗ ನಾನಿನ್ನೂ ಪಾಟಿ ಹಿಡಿಯುವ ಹುಡುಗಿ. ನಾಸಿಕ್ ರೋಡ್ ಸ್ಟೇಶನ್ನಿನ ಹತ್ತಿರ ಒಂದು ಬಾಡಿಗೆ ಮನೆ, ಮೇಲೆ ವಿಶಾಲವಾದ ಗಚ್ಚು, ಅಂದರೆ ತಾರಸಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ದೇವಳಾಲಿ ಕ್ಯಾಂಪಿನಲ್ಲಿ ಸೈನಿಕರು ತೋಪು ಹಾರಿಸುವ ಅಭ್ಯಾಸ ಮಾಡುವ ದಿನ ನಮ್ಮ ಕಿಟಕಿಯ ಗಾಜು ಅಲುಗುತ್ತಿತ್ತು. ಒಬ್ಬಳೇ ಮಗಳು ನಾನು. ಅವ್ವನಿಗೆ ಅಲ್ಲಿ ಜೀವಕ್ಕೆ ಜೀವ ಅನ್ನುವವರು ಯಾರೂ ಇರಲಿಲ್ಲ. ಆದ್ದರಿಂದ ಶಾಲೆಗೆ ರಜೆ ಬಂತೆಂದರೆ ನನ್ನನ್ನು ಕಟ್ಟಿಕೊಂಡು ತಂಗಿಯ ಮನೆಗೆ ಓಡುತ್ತಿದ್ದಳು.

ಆ ತಂಗಿ, ಅಂದರೆ ನನ್ನ ಮೌಶಿ, ಅಂಕೋಲೆಯಾಚೆ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿದ್ದಳು. ಅವಳ ಗಂಡ, ಕಾಕಾ, ಅಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರು. ಪುಣೆ, ಮೀರಜ, ಹುಬ್ಬಳ್ಳಿ, ಆಮೇಲೆ ಘಟ್ಟ ಇಳಿಯುವ ಕೆಂಪು ಬಸ್ಸು. ಬಸ್ಸಿನಲ್ಲಿ ಅವ್ವ ವಾಂತಿ ಮಾಡಿಕೊಳ್ಳುತ್ತ, ಇನ್ನೊಮ್ಮೆ ಈ ದಾರಿ ಬೇಡ ಎಂದು ದೇವರಿಗೆ ಹೇಳುತ್ತಿದ್ದಳು. ನಾನು ಕಿಟಕಿಗೆ ಮೂಗು ಹಚ್ಚಿ ಉಪ್ಪಿನ ವಾಸನೆ ಯಾವಾಗ ಬಂದೀತೆಂದು ಕಾಯುತ್ತಿದ್ದೆ.

ಮೌಶಿಯ ಮನೆಯ ಹಿತ್ತಲು ದಾಟಿದರೆ ಗಾಳಿಮರಗಳ ಸಾಲು, ಅದರಾಚೆ ದಂಡೆ. ಮೀನುಗಾರರ ದೋಣಿಗಳೆಲ್ಲ ಹೊಳೆ ಬಂದು ಸೇರುವ ಬದಿಗೆ ನಿಲ್ಲುತ್ತಿದ್ದವು. ನಮ್ಮ ಬದಿಗೆ ಕರಿ ಬಂಡೆಗಳಿದ್ದದ್ದರಿಂದ ಯಾರೂ ಬರುತ್ತಿರಲಿಲ್ಲ. ಬಂಡೆಯ ಪಕ್ಕ ನೀರಿನ ತಳದಲ್ಲಿ ಉಸುಕು ದಿಬ್ಬ ಕಟ್ಟಿಕೊಂಡಿತ್ತು. ಹಾಗಾಗಿ ಅಲ್ಲಿ ತೆರೆ ಒಮ್ಮೆಲೇ ಧೊಪ್ಪೆಂದು ಬೀಳುತ್ತಿರಲಿಲ್ಲ. ಬಂಡೆಯ ಕಡೆ ಮೊದಲು ಮುರಿದು, ಅಲ್ಲಿಂದ ಸೆರಗು ಮಡಚಿದಂತೆ ಸಾವಕಾಶ ಇನ್ನೊಂದು ಕಡೆಗೆ ಮುರಿಯುತ್ತ ಹೋಗುತ್ತಿತ್ತು. ಮುಂಜಾನೆ ಗಾಳಿ ನೆಲದ ಕಡೆಯಿಂದ ಬೀಸುವಾಗ ತೆರೆಯ ಮೈ ನುಣ್ಣಗೆ ಇರುತ್ತಿತ್ತು. ಊಟದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ಎಲ್ಲವನ್ನೂ ಕಲಸಿಬಿಡುತ್ತಿತ್ತು. ಇದೆಲ್ಲ ನನಗೆ ಮೊದಲು ಗೊತ್ತಿರಲಿಲ್ಲ. ಒಂದು ದೀಪಾವಳಿ ರಜೆಯಲ್ಲಿ ಮೌಶಿಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಪರದೇಶದ ಹೆಂಗಸನ್ನು ನೋಡಿ ನೋಡಿ ತಿಳಿಯಿತು.

ಅವಳ ಹತ್ತಿರ ಒಂದು ಉದ್ದನೆಯ ಹಲಗೆ ಇತ್ತು. ಬಿಳಿ ಬಣ್ಣ, ನಡುವೆ ಒಂದು ನೀಲಿ ಗೆರೆ, ಮೂತಿ ಚೂಪು, ಹಿಂದೆ ಅಡಿಯಲ್ಲಿ ಮೀನಿನ ರೆಕ್ಕೆಯಂಥ ತುಂಡು. ಒಳಗೆ ಬೆಂಡಿನಂಥ ಹಗುರ ವಸ್ತು, ಮೇಲೆ ಗಾಜಿನಂಥ ಗಟ್ಟಿ ಲೇಪ. ಬೆಳಗಾದರೆ ಅದರ ಬೆನ್ನಿಗೆ ಮೇಣ ತಿಕ್ಕಿ, ಬಗಲಲ್ಲಿ ಹಿಡಿದು ನೀರಿಗೆ ಇಳಿಯುತ್ತಿದ್ದಳು. ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತ ತೆರೆ ಏಳುವ ಜಾಗದ ಆಚೆಗೆ ಹೋಗಿ ಸುಮ್ಮನೆ ಕೂತಿರುತ್ತಿದ್ದಳು. ಆಮೇಲೆ ಒಂದು ತೆರೆಯನ್ನು ಆರಿಸಿಕೊಂಡು ಅದರ ಮೇಲೆ ಎದ್ದು ನಿಂತು ದಂಡೆಗೆ ಬರುತ್ತಿದ್ದಳು. ನಾನು ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಚಕ್ಕುಲಿ ಕಚ್ಚುವುದನ್ನೂ ಮರೆತಿದ್ದೆ. ನನಗೆ ಅದು ಬೇಕಾಗಿತ್ತು. ಹನ್ನೊಂದು ಹನ್ನೆರಡು ವಯಸ್ಸಿನ ಹುಡುಗಿಯರಿಗೆ ಬೇರೆ ಏನೇನೋ ಬೇಕಾಗಿರುತ್ತದೆ. ನನಗೆ ಅದೊಂದೇ.

ನನ್ನ ಕನ್ನಡ ಅವಳಿಗೆ ತಿಳಿಯದು, ಅವಳ ಇಂಗ್ಲಿಷು ನನಗೆ ತಿಳಿಯದು. ನಾನು ಶಾಲೆಯ ಪಿ.ಟಿ. ಚಡ್ಡಿ ಹಾಕಿಕೊಂಡು ಅವಳ ಎದುರು ಹೋಗಿ ನಿಂತೆ, ಅಷ್ಟೇ. ಅವಳು ನಕ್ಕು ಹಲಗೆಯ ಮೇಲೆ ಮಲಗಿಸಿದಳು. ಆ ವಾರವೆಲ್ಲ ನಾನು ಕುಡಿದದ್ದು ಉಪ್ಪು ನೀರು. ಹಲಗೆ ಒಂದು ಕಡೆ, ನಾನು ಒಂದು ಕಡೆ. ತೆರೆ ಹೊತ್ತು ಒಗೆದಾಗ ಮೂಗು ಕಿವಿಯೊಳಗೆಲ್ಲ ಉಸುಕು. ಅವ್ವ ಬೈದಳು. ಮೌಶಿ ಮಾತ್ರ ದಿನಾ ಕೆಲಸ ಮುಗಿಸಿ ಬಂದು ಗಾಳಿಮರದ ಕೆಳಗೆ ಕೂಡುತ್ತಿದ್ದಳು. ಬಿದ್ದಾಗೊಮ್ಮೆ ಕೈ ಬೀಸಿ, ಇನ್ನೊಮ್ಮೆ ಹೋಗು ಎಂದು ಸನ್ನೆ ಮಾಡುತ್ತಿದ್ದಳು. ಮದುವೆಯಾಗಿ ಆ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮೌಶಿ ಒಮ್ಮೆಯೂ ಸಮುದ್ರದಲ್ಲಿ ಮೊಣಕಾಲಿಗಿಂತ ಮೇಲೆ ನೆನೆದವಳಲ್ಲ.

ಮುಂದಿನ ಬೇಸಿಗೆಗೆ ಹೋದಾಗ ಕೋಣೆ ಖಾಲಿಯಾಗಿತ್ತು, ಹಲಗೆ ಅಲ್ಲೇ ಇತ್ತು. ಆ ಹೆಂಗಸು ಹಿಮಾಲಯದ ಕಡೆ ಹೋಗುತ್ತಾ, ಅದನ್ನು ನನಗೇ ಕೊಡಬೇಕೆಂದು ಮೌಶಿಗೆ ಕೈಸನ್ನೆಯಲ್ಲಿ ಹೇಳಿ ಹೋಗಿದ್ದಳಂತೆ. ಆ ಮೇ ತಿಂಗಳು ನನ್ನ ಜೀವನದ ತಿಂಗಳು. ಬೆಳಕು ಹರಿಯುವ ಮೊದಲೇ ಎದ್ದು ಕರೆಂಟು ಹೋದಾಗ ಹಚ್ಚಲು ಇಟ್ಟ ಮೇಣಬತ್ತಿ ಕದ್ದು ಹಲಗೆಗೆ ತಿಕ್ಕುತ್ತಿದ್ದೆ. ಬಂಡೆಯ ಪಕ್ಕದ ಸೆಳವು ಹಿಡಿದರೆ ಹೆಚ್ಚು ದಣಿಯದೆ ಒಳಗೆ ಹೋಗಬಹುದು ಅನ್ನುವುದು ತಿಳಿದಿತ್ತು. ಒಳಗೆ ಹೋಗಿ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಿದ್ದೆ. ದೂರದಲ್ಲಿ ನೀರು ಸ್ವಲ್ಪ ಉಬ್ಬಿ ಕಪ್ಪಾದರೆ ತೆರೆ ಬರುತ್ತಿದೆ ಎಂದು ಲೆಕ್ಕ. ತಿರುಗಿ ಮಲಗಿ, ತೋಳು ಬಿದ್ದುಹೋಗುವಂತೆ ನೀರು ತಳ್ಳಬೇಕು. ಹಿಂದಿನಿಂದ ಯಾರೋ ಎತ್ತಿಕೊಂಡಂತೆ ಆದ ಕ್ಷಣಕ್ಕೆ ಎರಡೂ ಕೈ ಊರಿ ಛಂಗನೆ ಏಳಬೇಕು. ಅನುಮಾನ ಬಂದರೆ ಬಿದ್ದೆ. ಕಾಲು ನೋಡಿಕೊಂಡರೂ ಬಿದ್ದೆ.

ಒಂದು ಬೆಳಿಗ್ಗೆ ಬೀಳಲಿಲ್ಲ. ಎದ್ದೆ, ನಿಂತೆ, ನಿಂತೇ ಇದ್ದೆ. ಬಲಗಡೆ ಹಸಿರು ಗೋಡೆ ಏಳುತ್ತಿತ್ತು, ಹಿಂದೆ ಅದು ಮುರಿಯುವ ಸದ್ದು ಬೆನ್ನಟ್ಟಿಕೊಂಡು ಬರುತ್ತಿತ್ತು. ನಾನು ಅದರ ಮುಂದೆ ಮುಂದೆ ಹೋಗುತ್ತಿದ್ದೆ. ಯಾರೂ ನನ್ನನ್ನು ಒಯ್ಯುತ್ತಿರಲಿಲ್ಲ, ನಾನೇ ಹೋಗುತ್ತಿದ್ದೆ. ಹೊಟ್ಟೆಯಲ್ಲಿ ಎಂಥದೋ ನಗು ತುಂಬಿತ್ತು. ಹಲಗೆ ಉಸುಕಿಗೆ ತಾಗಿ ನಿಂತಾಗ ಮೌಶಿ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಓಡಿಬಂದು ನನ್ನ ತಲೆ ಹಿಡಿದುಕೊಂಡಳು. ಅಷ್ಟು ಸುಖ ನನಗೆ ಆಮೇಲೆ ಸಿಕ್ಕಿಲ್ಲ. ಗಂಡ ಮಕ್ಕಳು ಓದಿದರೆ ಓದಲಿ.

ರಜೆಯ ಕೊನೆಗೆ ನಮ್ಮನ್ನು ಕರೆದುಕೊಂಡು ಹೋಗಲು ಅಪ್ಪ ಬಂದ. ಪಡಸಾಲೆಯಲ್ಲಿ ಒರಗಿಸಿಟ್ಟಿದ್ದ ಹಲಗೆಯನ್ನು ನೋಡಿದ, ಮುಟ್ಟಿದ, ಬೆರಳು ಮಡಚಿ ತಟ್ಟಿದ. ಫಾರಿನ್ ಮಾಲು. ಆಗಿನ ಕಾಲದಲ್ಲಿ ಆ ಎರಡು ಶಬ್ದ ಕೇಳಿದರೆ ನಮ್ಮ ಜನಕ್ಕೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಫಾರಿನ್ ಸೋಪಿನ ಖಾಲಿ ಡಬ್ಬಿಯನ್ನೂ ಶೋಕೇಸಿನಲ್ಲಿ ಇಡುವವರು ನಾವು. ಇಷ್ಟು ದೊಡ್ಡ ಫಾರಿನ್ ವಸ್ತು ಅಪ್ಪನ ಬಳಗದಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ನಾಸಿಕಕ್ಕೆ ಒಯ್ಯುವುದೆಂದು ಅಲ್ಲೇ ತೀರ್ಮಾನ ಮಾಡಿದ.

ಮೌಶಿ ಅಪ್ಪನೆದುರು ಮಾತಾಡುವವಳಲ್ಲ. ಆವತ್ತು ಆಡಿದಳು.

"ಇಲ್ಲೇ ಬಿಟ್ಟ ಹೋಗ್ರಿ, ಭಾವಾ. ಅಲ್ಲಿ ಒಯ್ದು ಏನ ಮಾಡ್ತೀರಿ? ಆಕಿ ಬಂದಾಗ ಆಡ್ತಾಳ. ನಾ ಕಾಯ್ಕೊಂಡ ಇರತೀನಿ."

ಅಪ್ಪ ನಕ್ಕ. ಇಲ್ಲಿಯ ಉಪ್ಪುಗಾಳಿಗೆ ಹಾಳಾಗುತ್ತದೆ, ಅಲ್ಲಿ ಜೋಪಾನ ಇರುತ್ತದೆ, ಮುಂದಿನ ವರ್ಷ ಬರುವಾಗ ತಂದರಾಯಿತು ಎಂದ. ಸಮುದ್ರಕ್ಕೆಂದೇ ಮಾಡಿದ ವಸ್ತು ಸಮುದ್ರದ ಗಾಳಿಗೆ ಹಾಳಾಗುತ್ತದಂತೆ. ಆ ಮಾತಿಗೆ ಕಾಕಾ ಕೂಡ ತಲೆಯಾಡಿಸಿದ.

ಅವ್ವನ ಹಳೆಯ ಕೌದಿಯಲ್ಲಿ ಅದನ್ನು ಸುತ್ತಿ ಬಸ್ಸಿನ ನೆತ್ತಿಯ ಮೇಲೆ ಹಾಕಿದರು. ಮೀರಜದಲ್ಲಿ ಗಾಡಿ ಬದಲಿಸುವಾಗ ಇಬ್ಬರು ಹಮಾಲರು ಹೆಗಲ ಮೇಲೆ ಹೊತ್ತು ನಡೆದರೆ ಪ್ಲಾಟ್‌ಫಾರ್ಮಿನ ಜನ ಟೊಪ್ಪಿಗೆ ತೆಗೆದು ಕೈ ಮುಗಿದರು. ಒಬ್ಬ ಮುದುಕಿ ಅವ್ವನ ಹತ್ತಿರ ಬಂದು, ತೀರಿಕೊಂಡವರು ಯಾರು ಎಂದು ಕೇಳಿದಳು. ಅವ್ವ ನಾಚಿಕೆಯಿಂದ ಸೆರಗು ಬಾಯಿಗೆ ಹಚ್ಚಿಕೊಂಡಳು. ಮುದುಕಿ ಅದನ್ನು ಅಳು ಎಂದು ತಿಳಿದು ಬೆನ್ನು ಸವರಿ ಹೋದಳು.

ನಾಸಿಕದ ನಮ್ಮ ಮನೆಯ ನಡುಮನೆಯಲ್ಲಿ ಹಲಗೆ ಗೋಡೆಗೆ ಒರಗಿ ನಿಂತಿತು. ಬ್ಯಾಂಕಿನವರು ಹೆಂಡತಿ ಮಕ್ಕಳ ಸಮೇತ ನೋಡಲು ಬಂದರು. "ಹೇ ಕಾಯ್ ಆಹೇ?" ಇದೇನು ಎಂದು ಮರಾಠಿಯಲ್ಲಿ ಒಬ್ಬರು ಕೇಳುವರು, ಇಸ್ತ್ರಿ ಮಾಡುವ ಟೇಬಲ್ಲು ಎಂದು ಇನ್ನೊಬ್ಬರು ತಾವೇ ಹೇಳಿಕೊಳ್ಳುವರು. ಅಪ್ಪ ಚಹಾ ಕುಡಿಯುತ್ತ ಸಮುದ್ರ, ತೆರೆ, ಪರದೇಶ ಎಂದು ತಾನೇ ಏರಿದವನಂತೆ ವರ್ಣಿಸುವನು. ಏರಿದವಳು ಒಳಗೆ ಕಪ್ಪುಬಸಿ ತೊಳೆಯುತ್ತಿದ್ದಳು. ಖಂಡೇನವಮಿ ದಿನ ಸ್ಕೂಟರಿಗೆ ಪೂಜೆಯಾದ ಮೇಲೆ ಹಲಗೆಗೂ ಕುಂಕುಮ, ಚೆಂಡುಹೂವಿನ ಹಾರ. ಮಂಗನ ಕೈಗೆ ಮಾಣಿಕ್ಯ ಸಿಕ್ಕರೆ ಮಂಗ ಕಚ್ಚಿ ನೋಡಿ ಒಗೆಯುತ್ತದಂತೆ. ನಮ್ಮವರು ಹಾರ ಹಾಕಿದರು.

ವರ್ಷ ತಿರುಗುವುದರೊಳಗೆ ನಾನು ದೊಡ್ಡವಳಾದೆ. ದೊಡ್ಡ ಹುಡುಗಿ ಒದ್ದೆ ಬಟ್ಟೆಯಲ್ಲಿ ದಂಡೆಯ ಮೇಲೆ ಓಡಾಡುವುದು ಚೆಂದವಲ್ಲ ಎಂದು ಮೌಶಿಯ ಅತ್ತೆ ಹೇಳಿಕಳಿಸಿದ್ದರು. ಅವ್ವನಿಗೂ ಅದೇ ಬೇಕಾಗಿತ್ತು, ಆ ಘಟ್ಟದ ಬಸ್ಸು ತಪ್ಪಿತಲ್ಲ. ಬ್ಯಾಂಕಿನವರಿಗೆ ಎಲ್‌ಎಫ್‌ಸಿ ಎಂದು ಒಂದು ಅನುಕೂಲವಿತ್ತು. ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೆಂಡತಿ ಮಕ್ಕಳನ್ನು ಕರೆದೊಯ್ದರೆ ಪ್ರಯಾಣದ ಖರ್ಚು ಬ್ಯಾಂಕಿನದು. ನಮ್ಮ ಸರದಿ ಬಂದಾಗ ನಾನು ಮೌಶಿಯ ಊರು ಎಂದೆ. ಅದು ನಮ್ಮೂರೇ ಅಲ್ಲವೇ, ಎಲ್‌ಎಫ್‌ಸಿ ಯಾಕೆ ವ್ಯರ್ಥ ಮಾಡಬೇಕು ಎಂದ ಅಪ್ಪ. ಎಷ್ಟು ದೂರ ಹೋದರೆ ಅಷ್ಟು ಲಾಭ ಎನ್ನುವುದು ಬ್ಯಾಂಕಿನವರ ಶಾಸ್ತ್ರ. ನಮ್ಮನ್ನು ಕಾಶ್ಮೀರಕ್ಕೆ ಕರೆದುಕೊಂಡು ಹೋದ. ಬಾಡಿಗೆಯ ಕೋಟು ಹಾಕಿಕೊಂಡು ಬರ್ಫದ ಮೇಲೆ ನಿಂತ ಫೋಟೋ ಇದೆ. ಅದರಲ್ಲಿ ನನ್ನ ಮುಖ ನೋಡಿದವರು ಚಳಿ ಬಹಳ ಇತ್ತೇನೋ ಅನ್ನುತ್ತಾರೆ.

ಬಂದ ಮೇಲೆ ಹಲಗೆ ಏರಬೇಕೆಂದು ಹಟ ಹಿಡಿದು ನಾನು ಊಟ ಬಿಟ್ಟೆ. ಅಪ್ಪ ಕರಗಿ ಮಾತು ಕೊಟ್ಟ. ಮುಂದಿನ ರವಿವಾರವೇ ಟೆಂಪೋ ಗೊತ್ತು ಮಾಡಿ, ಬ್ಯಾಂಕಿನ ಮೂರು ಸಂಸಾರಗಳನ್ನು ಕೂಡಿಸಿಕೊಂಡು, ಹಲಗೆ ಹೇರಿಕೊಂಡು ಗಂಗಾಪುರ ಅಣೆಕಟ್ಟಿಗೆ ಕರೆದೊಯ್ದ. ಅಣೆಕಟ್ಟಿನ ನೀರು ಹಂಡೆಯ ನೀರಿನಂತೆ ನಿಂತಿತ್ತು. ಸಿಹಿ ನೀರಿನಲ್ಲಿ ಹಲಗೆ ಮೊದಲಿನಷ್ಟು ತೇಲಲೂ ಇಲ್ಲ. ಪಂಜಾಬಿ ಡ್ರೆಸ್ಸಿನಲ್ಲಿ ಅದರ ಮೇಲೆ ಬೋರಲು ಮಲಗಿ, ಒಂದಿಷ್ಟು ದೂರ ಹೋಗಿ, ಸುಮ್ಮನೆ ಬಿದ್ದುಕೊಂಡೆ. ಎಷ್ಟು ಹೊತ್ತು ಬಿದ್ದಿದ್ದರೂ ಹಿಂದಿನಿಂದ ಯಾರೂ ಎತ್ತಿಕೊಳ್ಳಲಿಲ್ಲ. ದಂಡೆಯ ಮೇಲೆ ಅಪ್ಪ ಭಜಿ ತಿನ್ನುತ್ತ ಕೈ ಬೀಸಿದ.

"ಆತಲ್ಲವಾ? ಖುಷಿ ಆತಿಲ್ಲ?"

ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಮಗಳಿಗೆ ಕೊಟ್ಟ ಮಾತು ತೀರಿಸಿದ ಸಂತೋಷ. ನಾನು ಆತು ಎಂದೆ. ಇಲ್ಲ ಎಂದಿದ್ದರೆ ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ಆಮೇಲೆ ಹಲಗೆಯ ಮೇಲಿನ ಆಸೆ ಎಲ್ಲರಿಗೂ ಇಳಿಯಿತು. ನಡುಮನೆಗೆ ಟಿವಿ ಬಂತು, ಹಲಗೆ ಗಚ್ಚಿಗೆ ಏರಿತು. ಅವ್ವ ಅದರ ಮೇಲೆ ಸಂಡಿಗೆ ಒಣಹಾಕಿದಳು. ಅದಕ್ಕಿಂತ ಮೊದಲು ಹೊಲಸು ಜಿಡ್ಡು ಎಂದು ಆ ಪರದೇಶದ ಮೇಣವನ್ನು ದೋಸೆ ಎಬ್ಬಿಸುವ ಸಟ್ಟುಗದಿಂದ ಕೆರೆದು, ಬಿಸಿನೀರು ಹಾಕಿ ತೊಳೆದಳು. ನಾಸಿಕದ ಬಿಸಿಲಿಗೆ ಬಿಳಿ ಬಣ್ಣ ಹಳದಿಯಾಯಿತು, ಅಲ್ಲಲ್ಲಿ ಲೇಪ ಉಬ್ಬಿತು. ದೇವಳಾಲಿಯಲ್ಲಿ ತೋಪು ಹಾರುವ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿ ಅದನ್ನು ಬಂಡೆಯ ಪಕ್ಕದ ತೆರೆ ಎಂದು ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಎದ್ದು ಚಾಪೆಯ ಮೇಲೆ ಬೋರಲು ಮಲಗಿ, ಕೈ ಊರಿ ಛಂಗನೆ ಏಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಅವ್ವ ಅದನ್ನು ಯೋಗಾಸನ ಎಂದು ತಿಳಿದು ನೆರೆಯವರ ಮುಂದೆ ಹೊಗಳುತ್ತಿದ್ದಳು.

ಅಪ್ಪನಿಗೆ ಬಡ್ತಿ ಸಿಕ್ಕು ನಾವು ಔರಂಗಾಬಾದಿಗೆ ಹೋದೆವು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ಅಪ್ಪ ದಿನಾ ಬಸ್ಸು ಹತ್ತಿ ಖುಲ್ತಾಬಾದಿನ ಶಾಖೆಗೆ ಹೋಗಿ ಬರುತ್ತಿದ್ದ. ಆ ಊರಿನಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಗಚ್ಚಿನ ಮೇಲಿನ ಸಿಮೆಂಟಿನ ಟಾಕಿ ತುಂಬಿಸಿಕೊಳ್ಳಬೇಕು. ನೀರು ಎಂದರೆ ಆ ಟಾಕಿ, ಅಷ್ಟೇ. ಹಲಗೆಯನ್ನು ನಾನು ಕೌದಿ ಸುತ್ತಿ, ಗಚ್ಚಿನ ಮೆಟ್ಟಿಲಿನ ಕೋಣೆಯಲ್ಲಿ ಬಿಸಿಲು ತಾಗದಂತೆ ಇಟ್ಟೆ. ಯಾಕೆಂದರೆ ಒಮ್ಮೆ ಮೌಶಿ ವೇರೂಳದ, ಅಂದರೆ ಎಲ್ಲೋರಾದ, ಗುಡಿ ನೋಡಲು ಬಂದಿದ್ದಾಗ ಅಪ್ಪ ಅವಳೆದುರು ಮಾತು ಕೊಟ್ಟಿದ್ದ. ಡಿಗ್ರಿ ಮುಗಿಯಲಿ, ಒಂದು ತಿಂಗಳು ನಿನ್ನ ಹತ್ತಿರ ಬಿಡುತ್ತೇನೆ, ಹಲಗೆಯನ್ನೂ ಕಳಿಸುತ್ತೇನೆ ಎಂದಿದ್ದ. ಮೂಗಿಗೆ ತುಪ್ಪ ಸವರಿಸಿಕೊಂಡು ರೂಢಿಯಾಗಿದ್ದ ನನಗೂ ಆವತ್ತು ನಂಬಿಕೆ ಬಂತು.

ಡಿಗ್ರಿಯ ಕೊನೆಯ ಪರೀಕ್ಷೆಗೂ ಮೊದಲೇ ವರ ಗೊತ್ತಾದ. ಸೊಲ್ಲಾಪುರದ ಕಡೆಯವರು, ನೌಕರಿ ನಾಗಪುರದಲ್ಲಿ. ನಾಗಪುರದಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ನಾನು ಭೂಪಟದಲ್ಲಿ ನೋಡಿದೆ. ಯಾವ ಕಡೆಗೆ ಅಳೆದರೂ ಒಂದೇ. ಆಗ ನಾನು ಅಪ್ಪನೆದುರು ನಿಂತು, ಮದುವೆಗೆ ನಾನು ತಕರಾರು ಮಾಡುವುದಿಲ್ಲ, ಅದಕ್ಕಿಂತ ಮೊದಲು ಎಂಟು ದಿನ ನನ್ನನ್ನು ಮೌಶಿಯ ಊರಿಗೆ ಕಳಿಸು ಎಂದೆ. ಬಿಸಿಲಿಗೆ ಕಪ್ಪಾದರೆ ಬೀಗರು ಏನಂದಾರು ಎಂದು ಅವ್ವ ಅತ್ತಳು. ಅಪ್ಪ ನನ್ನ ಮುಖ ನೋಡಿ, ಹೋಗಿ ಬರಲಿ ಬಿಡು, ಆಮೇಲೆ ಯಾರು ಕಳಿಸುತ್ತಾರೆ ಎಂದ. ತಾನೇ ಹೋಗಿ ಬಸ್ಸಿನ ರಿಸರ್ವೇಶನ್ ಮಾಡಿಸಿ ತಂದ. ಆ ರಾತ್ರಿ ನಾನು ಅಪ್ಪನನ್ನು ಎಲ್ಲದಕ್ಕೂ ಕ್ಷಮಿಸಿದ್ದೆ.

ಹೊರಡುವ ಹಿಂದಿನ ದಿನ ಅವ್ವನೂ ನಾನೂ ಪೈಠಣಿ ಸೀರೆ ತರಲು ಯೇವಲೆಗೆ ಹೋಗಿದ್ದೆವು. ಸಂಜೆ ಬಂದು, ಹಲಗೆಗೆ ಹಗ್ಗ ಕಟ್ಟಿಡೋಣ ಎಂದು ಮೆಟ್ಟಿಲೇರಿದೆ. ಕೋಣೆಯಲ್ಲಿ ಕೌದಿ ನೀಟಾಗಿ ಮಡಚಿಟ್ಟಿತ್ತು. ಗಚ್ಚಿನ ಮೇಲೆ ಬಿಳಿ ಹುಡಿ ಹಾರಾಡುತ್ತಿತ್ತು.

ಮಂಟಪ ಹಾಕುವವನು ಬೆಳಿಗ್ಗೆ ಗಚ್ಚಿನ ಅಳತೆಗೆ ಬಂದವನು ಟಾಕಿಯ ಮುಚ್ಚಳದ ಮೇಲೆ ಕಾಲಿಟ್ಟು ಅದನ್ನು ಒಡೆದಿದ್ದ. ಮದುವೆ ಮನೆ, ಟಾಕಿ ತೆರೆದಿಡುವಂತಿಲ್ಲ. ಅಪ್ಪ ಬಡಿಗನನ್ನು ಕರೆಸಿ, ಹಲಗೆಯನ್ನು ನಡುವೆ ಕೊಯ್ಯಿಸಿ, ಎರಡು ತುಂಡನ್ನೂ ಜೋಡಿಸಿ ಪಟ್ಟಿ ಹೊಡೆಸಿ ಮುಚ್ಚಳ ಮಾಡಿಸಿದ್ದ. ಚೂಪು ಮೂತಿ ಅಡ್ಡ ಬರುತ್ತದೆಂದು ಅದನ್ನು ಬೇರೆ ಕತ್ತರಿಸಿ ಮೂಲೆಗೆ ಒಗೆದಿದ್ದರು. ನೀಲಿ ಗೆರೆಯ ಮೇಲೆ ಮೊಳೆ.

ನಾನು ಕೆಳಗೆ ಬಂದು ಅಪ್ಪನ ಮುಂದೆ ನಿಂತೆ. ಅವನು ಕನ್ನಡಕ ತೆಗೆದು ನೋಡಿದ. ಅವನಿಗೆ ಎರಡು ಸಂಗತಿ ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು. ಬಸ್ಸಿನ ಟಿಕೇಟು ತಂದವನೂ ಅವನೇ, ಹಲಗೆ ಕೊಯ್ಯಿಸಿದವನೂ ಅವನೇ. ನಾನು ಹೋಗುತ್ತಿರುವುದು ಮೌಶಿಯನ್ನು ನೋಡಲಿಕ್ಕೆ ಎಂದು ತಿಳಿದಿದ್ದ. ಹಲಗೆಯೂ ಬರಬೇಕು ಎನ್ನುವುದು ಅವನ ತಲೆಯಲ್ಲೇ ಇರಲಿಲ್ಲ.

"ಮದುವಿ ನೀರಾಗ ಹಲ್ಲಿ ಬಿದ್ದರ ಅಪಶಕುನಲ್ಲೇನವಾ?" ಎಂದ. ಆಮೇಲೆ ಸಮಾಧಾನ ಮಾಡುವವನಂತೆ, "ಇಷ್ಟ ವರ್ಷ ಸುಮ್ಮನ ಬಿದ್ದಿತ್ತು. ಈಗರ ಉಪಯೋಗಕ್ಕ ಬಂತಲ್ಲ" ಎಂದ.

ಮರುದಿನ ನಾನು ಬಸ್ಸು ಹತ್ತಲಿಲ್ಲ. ಕಪ್ಪಾಗುವುದು ತಪ್ಪಿತೆಂದು ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮದುವೆಯ ಹಿಂದಿನ ದಿನ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮಣೆ ಹಾಕಿ ನನ್ನನ್ನು ಕೂಡಿಸಿದರು. ಅರಿಷಿಣ ಹಚ್ಚಿದರು, ಹಾಡು ಹೇಳಿದರು. ಟಾಕಿಯಿಂದ ಹಂಡೆಗೆ ತುಂಬಿ ಕಾಯಿಸಿದ ನೀರನ್ನು ಮುತ್ತೈದೆಯರು ಒಬ್ಬೊಬ್ಬರಾಗಿ ತಲೆಯ ಮೇಲೆ ಹೊಯ್ದರು. ಕೊನೆಗೆ ಬಂದವಳು ಮೌಶಿ. ಹೊಯ್ಯಲು ಎತ್ತಿದ ತಂಬಿಗೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ನೀರಿನ ಮೇಲೆ ಸಣ್ಣ ಬಿಳಿ ಕಾಳುಗಳು ತೇಲುತ್ತಿದ್ದವು. ನನ್ನ ಕೂದಲಲ್ಲಿ, ಹೆಗಲ ಮೇಲೆ, ಅರಿಷಿಣದ ಸೀರೆಯ ಮೇಲೆ ಎಲ್ಲಾ ಅವೇ. ಮೌಶಿ ಒಂದನ್ನು ಬೆರಳಲ್ಲಿ ಹಿಡಿದು ಒತ್ತಿ ನೋಡಿದಳು. ಅದು ಬೆಂಡಿನಂತೆ ಮೆತ್ತಗೆ ತಗ್ಗಿತು. ತಲೆ ಎತ್ತಿ ಗಚ್ಚಿನ ಮೇಲಿನ ಟಾಕಿಯ ಕಡೆ ನೋಡಿದಳು.

"ಏನವಾ ಅದು?" ಎಂದು ಅವ್ವ ಕೇಳಿದಳು.

ಮೌಶಿ ನನ್ನನ್ನು ನೋಡಿದಳು. ಅವಳು ಬಾಯಿ ತೆರೆಯುವುದಕ್ಕೆ ಮೊದಲು ನಾನೇ ಹೇಳಿದೆ.

"ಅಕ್ಷತಿ. ಹೊಯ್ಯು ಮೌಶಿ, ನೀರು ಆರ್ತದ."

ಮೌಶಿ ಹೊಯ್ದಳು. ಅವ್ವ ಅವನ್ನು ಕೂದಲಿನಿಂದ ತೆಗೆಯಬೇಡ, ಶುಭ ಎಂದಳು. ನಾನು ತೆಗೆಯಲಿಲ್ಲ.